ಕಡಿತದ ಮಾತ್ರೆ

ಚರ್ಮದ ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಡ್ರೈವರೊಬ್ಬನ ಕಿವಿಗೆ ಪಕ್ಕದ ಹೆಂಗಸರಿಬ್ಬರ ಮಾತು ಬಿತ್ತು. ಕಿರಿಯಳ ಅಂಗೈಗಳು ಬಿರಿದು ಸೋರುತ್ತಿದ್ದವು.

“ಬೆನ್ನಿಗೆ ನಿಮ್ಮ ಫ್ಯಾಕ್ಟರಿಯ ಬೂಟಿನ ಅಂಟು ಹಚ್ಚಿ ಪರೀಕ್ಷೆ ಮಾಡಿದ್ರಲ್ಲ, ಏನಾಯ್ತೇ?”

“ಏನೂ ಏಳಲಿಲ್ಲ ಅತ್ತಿಗೆ. ಮೈಯೊಳಗಿನ ಕಾವಲು ಕಣಗಳು ಚರ್ಮಕ್ಕೆ ಓಡಿ ಬಂದ್ರೆ ತಾನೇ ಕೆಂಪಗೆ ಏಳೋದು? ನಾನು ನುಂಗ್ತಿರೋ ಮಾತ್ರೆ ಅವನ್ನ ತಡೆದುಬಿಟ್ಟಿದೆಯಂತೆ.”

“ಯಾವ ಮಾತ್ರೆ?”

“ಕಡಿತಕ್ಕೆ ಅಂತ ಸೂಪರ್‌ವೈಸರ್ ಕೊಟ್ಟಿದ್ದು. ಪರೀಕ್ಷೆ ಇದೆ ಅಂದಮೇಲೆ ದಿನಾ ಎದುರಿಗೇ ನಿಂತು ನುಂಗಿಸ್ತಿದ್ದ.”

“ಅಬ್ಬಬ್ಬಾ, ಎಂಥಾ ತಾಯಿಕರುಳು ಅವನದ್ದು!”

“ಕೈ ಹೀಗಾಗಿದ್ದು ಅಂಟಿಂದಲೇ ಅಂತ ಡಾಕ್ಟ್ರು ಬರೆದುಕೊಟ್ಟರೆ ಮಾತ್ರ ಬೇರೆ ಕೆಲಸ ಅಂದಿದ್ದ. ನಾಳೆ ಮತ್ತೆ ಅದೇ ಡಬ್ಬಕ್ಕೆ ಕೈ ಹಾಕ್ಬೇಕು.”

“ಮಾತ್ರೆ ಬಿಟ್ಟು ಇನ್ನೊಂದ್ಸಲ ಮಾಡಿಸೇ.”

“ಬಿಟ್ಟರೆ ಬೆರಳು ಮಡಚೋಕಾಗಲ್ಲ ಅತ್ತಿಗೆ. ಮಡಚದ ಬೆರಳಿಗೆ ಕೂಲಿ ಯಾರು ಕೊಡ್ತಾರೆ?”

ಅತ್ತಿಗೆ ಆ ಕೈ ಹಿಡಿಯಲಾಗದೆ, ಮೊಣಕೈ ಹಿಡಿದು ನಾದಿನಿಯನ್ನು ಎಬ್ಬಿಸಿ ಹೊರಗೆ ನಡೆಸಿಕೊಂಡು ಹೋದಳು.