ಎಷ್ಟು ಕೊಟ್ಟೆ ಅಂತ ಕೂಗಬೇಕು

ತೇನಿ ಬಸ್‌ಸ್ಟ್ಯಾಂಡಿನಲ್ಲಿ ಕಂಬಂ ಬಸ್ಸಿಗೆ ಕಾದಿದ್ದ ಪಾಂಡೀಶ್ವರಿಯ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಲ್ಯಾಪ್‌ಟಾಪ್ ಹಿಡಿದ ಕಾಲೇಜು ಹುಡುಗಿ ಯುವಶ್ರೀ, ಎರಡು ಮಲ್ಲಿಗೆ ಮೂಟೆಗಳಿಗೆ ಒರಗಿ ಅವಳು ಅಪ್ಪತ್ತಾ ಎಂದು ಕರೆಯುವ ಅಜ್ಜಿ.

“ಅಪ್ಪತ್ತಾ, ಸಿಕ್ಕಿಬಿಡ್ತು! ಕಂಪ್ಯೂಟರ್ ರೇಡಿಯೊಗೆ ನಾನು ಬರೆದ ಬ್ಲಾಕು, ಆ ಪ್ರೋಗ್ರಾಮಿನ ತುಂಡು, ಯಾಕೆ ಮೂಕಾಗಿತ್ತು ಅಂತ!”

“ನಾಳೆ ಕಾಲೇಜಲ್ಲಿ ತೋರ್ಸಬೇಕಲ್ಲ, ಅದಾ?”

“ಅದೇ! ತಪ್ಪು ಹುಡುಕೋ ಡಿಬಗ್ಗರ್ ಹಾಕಿ ಒಂದೊಂದು ಸಾಲಲ್ಲೂ ನಿಲ್ಲಿಸಿ ನೋಡ್ದೆ. ಸಿಗ್ನಲ್ ಒಳಗೆ ಬಂದಿದೆ, ಕೆಲಸಾನೂ ಆಗಿದೆ. ಆದ್ರೆ ಕೊನೇಲಿ ‘ಇಷ್ಟು ಕೊಟ್ಟೆ’ ಅಂತ ಬ್ಲಾಕು ಹೇಳೋ ಸಾಲನ್ನೇ ಬರೆಯೋದು ಮರ್ತಿದೀನಿ. ಮುಂದಿನ ಬ್ಲಾಕಿಗೆ ಏನೂ ಸಿಕ್ಕಿಲ್ಲ!”

“ಅಯ್ಯೋ ಕಣ್ಣೂ! ಹೂ ಮಾರ್ಕೆಟ್ಟಲ್ಲಿ ಎಷ್ಟು ಅಂತ ಕೂಗ್ದೇ ಹೋದ್ರೆ ಮೂಟೆ ಯಾರು ಮುಟ್ತಾರೆ?”

“ಈಗ ಆ ಸಾಲು ಸೇರ್ಸ್ದೆ. ಕೇಳು!”

ಲ್ಯಾಪ್‌ಟಾಪಿನಿಂದ ಹಾಡು ಚಿಮ್ಮಿತು. ಪಾಂಡೀಶ್ವರಿಯೂ ನಕ್ಕುಬಿಟ್ಟಳು.

ಅಷ್ಟರಲ್ಲಿ ನಿಲಕ್ಕೋಟ್ಟೈ ಬಸ್ಸು ಬಂತು. ಹುಡುಗಿ ಮೊದಲು ಹತ್ತಿದಳು. ಅಜ್ಜಿ ಕೆಳಗಿನಿಂದ ಮೂಟೆಗಳನ್ನು ಎತ್ತಿಕೊಟ್ಟು, ಸೊಂಟದ ಮೇಲೆ ಕೈಯಿಟ್ಟು, ಹತ್ತದೆ ಕಾದು ನಿಂತಳು.

“ಎರಡು ಬಂತು, ಅಪ್ಪತ್ತಾ!” ಒಳಗಿನಿಂದ ಯುವಶ್ರೀ ಕೂಗಿದಳು.

ಆಮೇಲೇ ಅಜ್ಜಿ ಹತ್ತಿದ್ದು.