ಕೆಂಪಯ್ಯನವರ ಹೆಗಲ ಮೇಲಿನ ಕೈ

…ನಂಬಲ್ಲ ನೀನು ರಮ್ಯಕ್ಕ, ನಂಗೇ ನಂಬಕ್ಕಾಗ್ತಿಲ್ಲ. ಸೀಟ್ ಸಿಕ್ತು! ಪಿಎಚ್‌ಡಿ ಸೀಟು, ಕೆಂಗೇರಿ ಕಾಲೇಜಲ್ಲಿ, ಡಿಜಿಟಲ್ ಮೀಡಿಯಾ ಡಿಸೈನ್. ಇದ್ದಿದ್ದೇ ಒಂದು ಸೀಟು, ಬಂದಿದ್ದು ನಲವತ್ತು ಜನ. ವಿಜಯನಗರದಲ್ಲಿ ಮೆಟ್ರೋ ಇಳಿದೋನು ಮನೆಗೂ ಹೋಗಿಲ್ಲ, ಸೀದಾ ಅಂಗಡಿಗೇ ಬಂದೆ. ಯಾಕ್ ನಗ್ತೀಯ? ಹೂಂ, ನಾನೇ. ನಿನ್ ಪಕ್ಕದ ಸಿಸ್ಟಮಲ್ಲಿ ಕೂತು ವಿಸಿಟಿಂಗ್ ಕಾರ್ಡಲ್ಲಿ ಫೋನ್ ನಂಬರ್ ತಪ್ಪು ಹಾಕ್ತಿದ್ನಲ್ಲ, ಅದೇ ಸುಘೋಷ. ಇನ್ಮೇಲೆ ವಾರಕ್ಕೆರಡು ಕ್ಲಾಸ್ ನಾನೇ ತಗೋಬೇಕಂತೆ. ಹುಡುಗರು ಸಾರ್ ಅಂತಾರೆ. ನೀನೂ ಒಂದ್ಸಲ ಅಂದ್ಬಿಡು, ಕಿವಿಗೆ ಅಭ್ಯಾಸ ಆಗ್ಲಿ.

ಆ ಮದುವೆ ಕಾರ್ಡ್ ಆಮೇಲ್ ಮಾಡ್ಕೋ. ನಿಂಗೊಂದು ಫಾರ್ಮ್ ವಾಟ್ಸಾಪ್ ಮಾಡಿದೀನಿ, ಪ್ರಿಂಟ್ ಕೊಡು. ಇವತ್ತೇ ಐದು ಗಂಟೆಯೊಳಗೆ ಸೈನ್ ಮಾಡಿ ಮೇಲ್ ಮಾಡ್ಬೇಕು, ಇಲ್ಲಾಂದ್ರೆ ಸೀಟು ಎರಡನೇ ನಂಬರ್‌ನೋಳಿಗೆ ಹೋಗುತ್ತೆ. ಓದೋಕೇನಿಲ್ಲ ಅದ್ರಲ್ಲಿ. ಓಪನ್ ಆಗ್ಲಿ, ಅಷ್ಟ್ರಲ್ಲಿ ಇಂಟರ್ವ್ಯೂ ಕತೆ ಕೇಳು.

ಮೂರು ಜನ ಕೂತಿದ್ರು. ನಾನು ಕಾಲೇಜ್ ಪ್ರಾಜೆಕ್ಟ್ ತೋರಿಸ್ತಾ ಇದೀನಿ, ಮಧ್ಯದಲ್ಲಿರೋ ಅಲಮೇಲು ಮೇಡಂ ತಲೇನೇ ಎತ್ತಲ್ಲ. ಪಕ್ಕದ ಸಾರ್ ಬಿಸ್ಕತ್ತು ಟೀಲಿ ಬಿದ್ದೋಯ್ತು ಅಂತ ಸ್ಪೂನಲ್ಲಿ ಹುಡುಕ್ತಾವ್ರೆ. ಮುಗೀತು ಅನ್ಕೊಂಡೆ. ಆಗ ನಮ್ ಅಂಗಡಿ ಫೋಲ್ಡರ್ ತೆಗ್ದೆ. ಅದೇ, ಜನ ಸ್ಟೇಟಸ್ಸಿಗೆ ಹಾಕ್ತಾರಲ್ಲ ಶ್ರದ್ಧಾಂಜಲಿ ಪೋಸ್ಟರ್‌ಗಳು. ಇದರ ಮೇಲೇ ರಿಸರ್ಚ್ ಮಾಡ್ತೀನಿ ಅಂದೆ. ಮೇಡಂ ನಿಲ್ಲಿಸಿ ಅಂದ್ರು. ಈ ಅಜ್ಜನ ಹೆಗಲ ಮೇಲೆ ಇರೋದು ಯಾರ ಕೈ ಅಂತ ಕೇಳಿದ್ರು.

ಕೆಂಪಯ್ಯನವರ ಪೋಸ್ಟರ್ ಅದು, ನೆನಪಿದೆ ತಾನೆ? ಅವರು ತೀರಿಕೊಂಡಾಗ ಅವರ ಹೆಂಡತಿ ಮುನಿಲಕ್ಷ್ಮಮ್ಮ ಮೊಮ್ಮಗಳ ನಾಮಕರಣದ ಫೋಟೋ ತಂದಿದ್ರು. ಫೋಟೋದವನು ಬಲವಂತ ಮಾಡ್ದ ಅಂತ, ಜೀವಮಾನಕ್ಕೆಲ್ಲ ಅದೊಂದೇ ಸಲ ಗಂಡನ ಹೆಗಲ ಮೇಲೆ ಕೈ ಇಟ್ಟಿದ್ದೆ ಅಂದ್ರು. ಮಿಕ್ಕೋರನ್ನೆಲ್ಲ ಕಟ್ ಮಾಡಿ, ಆ ಬಳೆ ಕೈ ಮಾತ್ರ ಉಳಿಸಿದ್ದು. ನಮ್ ಓನರ್ ವೆಂಕಟಗಿರಿ ಅಣ್ಣ ಬೈದಿದ್ರಲ್ಲ, ಶ್ರದ್ಧಾಂಜಲೀಲಿ ಇದ್ಯಾರದೋ ಕೈ ನೇತಾಡ್ತಿದೆ ಅಂತ. ಅದೆಲ್ಲ ಹೇಳ್ದೆ ಕಣಕ್ಕ. "ಅವರು ಒಂದೇ ಸಲ ಇಟ್ಟ ಕೈನ ನಾವ್ಯಾಕೆ ತೆಗೀಬೇಕು" ಅಂದೆ.

ಏನ್ ಹಂಗ್ ನೋಡ್ತೀಯ? ಹೂಂ, ಗಿರಿ ಅಣ್ಣಂಗೆ ಅವತ್ತು ನೀನಂದಿದ್ ಮಾತೇ. ಚೆನ್ನಾಗಿತ್ತು, ಬಾಯಿಗೆ ಬಂತು… ಅಷ್ಟೇ. ಬಿಸ್ಕತ್ ಸಾರ್ ಕಪ್ ಕೆಳಗಿಟ್ರು. ಮೇಡಂ ಕನ್ನಡಕ ತೆಗೆದ್ರು. ಮಿಕ್ಕಿದ್ದು ಯಾವುದೂ ಅವರು ನೋಡ್ಲೇ ಇಲ್ಲ, ಸೀಟು ಕೊಟ್ಟಿದ್ದೇ ಆ ಕೈಗೆ.

ಆಮೇಲಾ? ಆಮೇಲೇನಿಲ್ಲ. ಕಂಗ್ರಾಟ್ಸ್ ಅಂದ್ರು, ಬಂದೆ. ಪ್ರಿಂಟರ್ ಆನ್ ಇದ್ಯಾ? ಅಯ್ಯೋ, ಸ್ಕ್ರೋಲ್ ಯಾಕ್ ಮಾಡ್ತೀಯ, ಸುಮ್ನೆ ಕೊಡು… ಆ ಕೊನೇ ಲೈನ್ ಎಲ್ಲಾರ್ ಫಾರ್ಮಲ್ಲೂ ಇರುತ್ತಕ್ಕ. ತೋರಿಸಿದ ಡಿಸೈನ್ ಎಲ್ಲಾ ನಾನೇ ಮಾಡಿದ್ದು ಅಂತ. ಫಾರ್ಮಾಲಿಟಿ.

ಮೌಸ್ ಯಾಕ್ ಬಿಟ್ಟೆ?

ಬೈಯೋದಾದ್ರೆ ಬೈದ್ಬಿಡು.

…ಸರಿ. ಕೇಳಿದ್ರು. ಕಂಗ್ರಾಟ್ಸ್ ಅನ್ನೋಕ್ ಮುಂಚೆ ಮೇಡಂ ಕೇಳಿದ್ರು, "ಈ ಕೈ ಉಳಿಸಿದ್ದು ನೀವೇನಾ?" ಅಂತ. ನಮ್ಮ ಅಂಗಡೀಲಿ ಒಬ್ರು… ಅಂತ ಶುರು ಮಾಡ್ದೆ ಅಕ್ಕ, ನಿನ್ನಾಣೆ, ನಿನ್ ಹೆಸರು ನಾಲಿಗೆ ತುದೀಲಿತ್ತು. ಅಷ್ಟೊತ್ತಿಗೆ ಅವರು ಲಿಸ್ಟ್ ಎಳ್ಕೊಂಡು ಪೆನ್ನಿನ ಕ್ಯಾಪ್ ತೆಗೆದ್ರು. ಹೂಂ ಅಂದ್ಬಿಟ್ಟೆ.

ನಾಲ್ಕೂ ಮುಕ್ಕಾಲಾಯ್ತು. ಕೊಡಲ್ಲ ಅಂದ್ರೆ ಬೇರೆ ಅಂಗಡೀಲಿ ತಗೋಬಹುದು, ಗೊತ್ತು. ಆದ್ರೂ ಇಲ್ಲೇ ನಿಂತಿದೀನಿ. ನೀನೇ ಹೇಳು. ಹೊರಗೆ ಅಷ್ಟು ಜನ ಕಾಯ್ತಾ ಕೂತಿದಾರೆ, ಮೇಡಂ ಪೆನ್ ಹಿಡ್ಕೊಂಡು ನಿನ್ನೇ ನೋಡ್ತಿದಾರೆ, ಒಂದೇ ಒಂದು ಹೂಂ… ನನ್ ಜಾಗದಲ್ಲಿ ನೀನಿದ್ದಿದ್ರೆ ಏನಂತಿದ್ದೆ ಅಕ್ಕ?