ಅಯ್ಯಮ್ಮನ ಮಾತು, ಮಾಸ್ತರನ ಇನ್‌ಡೈರೆಕ್ಟ್ ಸ್ಪೀಚು

ಇಂದಿನ ಸಭೆಯ ಅಧ್ಯಕ್ಷರಾದ ಮಹಾದೇವಪ್ಪನವರೇ, ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಮುಖ್ಯಗುರುಗಳೇ, ಕೆಂಭಾವಿಯ ಈ ಬಿಸಿಲಿನಲ್ಲೂ ಎದ್ದು ಹೋಗದೆ ಕೂತಿರುವ ಸಭಿಕರೇ, ನನ್ನ ಮಕ್ಕಳೇ,

ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿದ ಈ ಅಂಬ್ರಪ್ಪ ಮಾಸ್ತರ ಇವತ್ತು ನಿವೃತ್ತನಾಗುತ್ತಿದ್ದಾನೆ. ಜಂಬ ಅಂದರೂ ಅನ್ನಿ, ಹೇಳಿಯೇ ಬಿಡುತ್ತೇನೆ. ಡೈರೆಕ್ಟ್, ಇನ್‌ಡೈರೆಕ್ಟ್ ಸ್ಪೀಚಿನ ಪ್ರಶ್ನೆಯನ್ನು ನನ್ನ ಮಕ್ಕಳು ಪರೀಕ್ಷೆಯಲ್ಲಿ ಬಿಟ್ಟು ಬಂದದ್ದಿಲ್ಲ. "ಏನ್ರಿ ಮಾಸ್ತರ, ಹುಡುಗ್ರಿಗೆ ಏನ್ ಮದ್ದು ಹಾಕ್ತೀರಿ?" ಎಂದು ಶಹಾಪುರದ ಮಾಸ್ತರರು ಕೇಳಿದ್ದಾರೆ, ಸುರಪುರದವರೂ ಕೇಳಿದ್ದಾರೆ.

ಮದ್ದು ಇಷ್ಟೇ. ನಾನು ಒಂದು ಮಾತು ಹೇಳುತ್ತೇನೆ, ಮಗು ಅದನ್ನು ಇನ್ನೊಬ್ಬರಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಬೇಕು. 'ನಾನು' ಇದ್ದದ್ದು 'ಅವರು' ಆಗಬೇಕು, 'ಇಂದು' ಇದ್ದದ್ದು 'ಅಂದು' ಆಗಬೇಕು. ಎಂಟನೇ ತರಗತಿಯ ಮಾನಮ್ಮ ಒಮ್ಮೆ ನೇರ ಮುಖ್ಯಗುರುಗಳ ಕೋಣೆಗೇ ಹೋಗಿ, ಸರ್ ಚಹಾ ಕುಡಿಯಲು ಹೋಗುವುದಾಗಿ ಹೇಳಿದರು, ನಿಮಗೆ ಹೇಳಬಾರದೆಂದೂ ಹೇಳಿದರು, ಎಂದು ಒಪ್ಪಿಸಿ ಬಂದಳು. ವ್ಯಾಕರಣದಲ್ಲಿ ಒಂದು ತಪ್ಪಿರಲಿಲ್ಲ! ಹತ್ತಕ್ಕೆ ಹತ್ತು ಕೊಟ್ಟೆ.

ಇದನ್ನೆಲ್ಲ ನಾನು ಎಲ್ಲಿ ಕಲಿತೆ? ಬಿ.ಎಡ್. ಕಾಲೇಜಿನಲ್ಲೇ? ಅಲ್ಲ. ಕೆನಾಲ್ ದಂಡೆಯ ಮೇಲೆ, ನಮ್ಮವ್ವ ಅಯ್ಯಮ್ಮನಿಂದ. ಹೇಳಬೇಕೆಂದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದಿದೆ, ಹೇಳುತ್ತೇನೆ.

ಕೆನಾಲಿಗೆ ನೀರು ಬಿಟ್ಟ ಹೊಸತು. ಮೇಲಿನ ಹೊಲದವರು ಗೇಟು ಮುರಿದು ನೀರು ತಿರುಗಿಸಿಕೊಳ್ಳುತ್ತಿದ್ದರು, ಕೊನೆಯಲ್ಲಿದ್ದ ನಮ್ಮ ಹೊಲಗಳಿಗೆ ಹನಿಯೂ ಬರುತ್ತಿರಲಿಲ್ಲ. ಒಂದು ದಿನ ಕೆನಾಲಿನ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಅವರಿಗೆ ಕನ್ನಡ ಬಾರದು, ಊರಿನಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಅವ್ವ ಜೀಪಿಗೆ ಅಡ್ಡ ನಿಂತು ಅಂದಳು: "ಸಾಹೇಬ್ರ, ನಿಮ್ಮ ಗೇಟ್ ಮುರದಾರ, ನಿಮ್ಮ ಮಂದಿ ನೋಡಿ ಸುಮ್ನ ಕುಂತಾರ. ನಾ ಭಿಕ್ಷಾ ಬೇಡಾಕ ಬಂದಿಲ್ಲ. ನಮ್ಮ ಪಾಳಿ ನೀರು ಕೇಳಾಕ ಬಂದೀನಿ. ಯಾವತ್ತು ಬಿಡ್ತೀರಿ, ಹೇಳ್ರಿ."

ಸಾಹೇಬರು ನನ್ನ ಮುಖ ನೋಡಿದರು. ನಾನಾಗ ಹಂಗಾಮಿ ಮಾಸ್ತರ. ಕಾಯಂ ಆಗುವ ಕಾಗದ ಮೇಲಿನ ಕಚೇರಿಯಲ್ಲೆಲ್ಲೋ ಕೂತಿತ್ತು. ದೊಡ್ಡವರ ಸಿಟ್ಟು ನನಗ್ಯಾಕೆ ಎಂದು ಹೆದರಿಬಿಟ್ಟೆ. 'ಕೆನಾಲ್ ತಂದುಕೊಟ್ಟದ್ದಕ್ಕೆ ಈಕೆ ನಿಮಗೆ ಧನ್ಯವಾದ ಹೇಳಿದಳು' ಎಂದೆ. ಅಷ್ಟೇ ಹೇಳಿದೆ, ಸಭಿಕರೇ. ಸಾಹೇಬರು ನಕ್ಕು, ತಲೆಯಾಡಿಸಿ, ಕೈ ಮುಗಿದು ಹೋದರು.

ಆ ತಲೆಯಾಡಿಸಿದ್ದನ್ನು ಅವ್ವ ಒಪ್ಪಿಗೆ ಎಂದು ನಂಬಿದಳು. ಮನೆ ಮನೆಗೆ ಹೋಗಿ, "ಸಾಹೇಬ್ರು ಒಪ್ಯಾರ, ನೀರು ಬರ್ತಾವ, ಸಸಿ ಹಾಕ್ರಿ" ಎಂದಳು. ನಾನು ಬಾಯಿ ಬಿಡಲಿಲ್ಲ. ಅವಳ ಮಾತು ಕೇಳಿ ಊರವರು ಬಾವಿಯ ತಳದ ನೀರು ಬಳಸಿ ಭತ್ತದ ಸಸಿ ಹಾಕಿದರು. ನೀರು ಬರಲಿಲ್ಲ. ಸಸಿ ಹಳದಿಯಾಗಿ ಸತ್ತವು. ಜನ ಬಂದು ಬೈದ ಸಂಜೆ ಅವ್ವನಿಗೆ ನಿಜ ಹೇಳಿದೆ.

ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ಮುಂಜಾನೆ ನಡಿ ಸಾಹೇಬ್ರ ಕಡೆ. ನಾ ಅಂದಿದ್ದು ನಾ ಅಂದಂಗ ಹೇಳು" ಎಂದಳು. ಹೋಗಿ ಹೇಳಿದೆ. ಒಂದು ಮಾತು ಬಿಡದೆ ಹೇಳಿದೆ. ಸಾಹೇಬರು ಕುರ್ಚಿಯಿಂದ ಎದ್ದರು, ಅವ್ವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು ಗೇಟು ನೋಡಿದರು. ನಾಲ್ಕನೇ ದಿನ ನಮ್ಮ ಹೊಲಕ್ಕೆ ನೀರು ಬಂತು! ಇವತ್ತಿಗೂ ಬರುತ್ತಿದೆ. ಇಂಥ ಅವ್ವ ಯಾರಿಗಿದ್ದಾಳೆ ಹೇಳಿ?

ಆದರೆ ಸತ್ತ ಸಸಿ ಸತ್ತೇ ಹೋಗಿದ್ದವು. ಹಾಗಾಗಿ ನಮ್ಮ ಊರಿನಲ್ಲಿ ಯಾರಾದರೂ ಬುರುಡೆ ಬಿಟ್ಟರೆ ಏನನ್ನುತ್ತಾರೆ? "ಬಿಡೋ, ಅಯ್ಯಮ್ಮನ ಮಾತು ಅದು!" ಅನ್ನುತ್ತಾರೆ. ಯಾವ ಅಯ್ಯಮ್ಮ ಎಂದು ಗೊತ್ತಿಲ್ಲದ ಮಕ್ಕಳು ನನ್ನ ತರಗತಿಯಲ್ಲೇ ಅನ್ನುತ್ತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತ ನಿಲ್ಲುತ್ತಿದ್ದೆ. ಊರಿಗೆ ನಿಜ ತಿಳಿಸೋಣವೇ ಎಂದು ಒಮ್ಮೆ ಕೇಳಿದ್ದಕ್ಕೆ ಅವ್ವ, "ಬ್ಯಾಡೋ, ಮಾಸ್ತರನ ಮಾತಿಗೆ ಕಿಮ್ಮತ್ತಿರಬೇಕು. ನಂದೇನು, ಹೊಲದಾಗ ಇರಾಕಿ" ಅಂದಳು. ಆ ಕಿಮ್ಮತ್ತಿನ ಮೇಲೆ ಇಪ್ಪತ್ತೆಂಟು ವರ್ಷ ಸಂಬಳ ಎಣಿಸಿದೆ. ನಾಚಿಕೆಯಾಗುತ್ತದೆ.

ಮಹಾದೇವಪ್ಪನವರೇ, ಅಂದು ನಿಮ್ಮ ಮಡಿಯ ಸಸಿಯೂ ಸತ್ತಿತ್ತು. ನೀವೂ ಅವ್ವನ ಜೊತೆ ಮಾತು ಬಿಟ್ಟಿರಿ. ಅವಳು ಸುಳ್ಳು ಹೇಳಿರಲಿಲ್ಲ ರೀ. ಸುಳ್ಳು ಹೇಳಿದವನು ನಾನು. ಊರವರೇ, ಇನ್ನು ಬುರುಡೆ ಬಿಟ್ಟವರಿಗೆ ಅನ್ನುವುದಿದ್ದರೆ 'ಅಂಬ್ರಪ್ಪ ಮಾಸ್ತರನ ಮಾತು' ಅನ್ನಿ.

ಅವ್ವ ಅಲ್ಲಿ ಎರಡನೇ ಸಾಲಿನಿಂದ, ಸಾಕು ಕುಂದ್ರು ಎಂದು ಕೈ ಮಾಡುತ್ತಿದ್ದಾಳೆ. ಇಲ್ಲವ್ವಾ, ಇವತ್ತೊಂದು ದಿನ ನಿನ್ನ ಮಾತು ಕೇಳುವುದಿಲ್ಲ. ಅಧ್ಯಕ್ಷರು ಎದ್ದು ನಿನ್ನ ಕಡೆಗೇ ಬರುತ್ತಿದ್ದಾರೆ, ಮಾತಾಡಿಸು.

ಕೇಳಿಸಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.